ಪಿಕಪ್ಪಿಗೊಂದು ಅಟ್ಟ

ಅಣೆಕಟ್ಟಿನ ಹಿನ್ನೀರಿಗೆ ಊರು ಹೋದ ಮೇಲೆ ಕನ್ನಮ್ಮನ ಗಂಡ ಬೆಳ್ಳಪ್ಪ ನೇಗಿಲು ಬಿಟ್ಟು ಸ್ಟೇರಿಂಗ್ ಹಿಡಿದ. ಹಳೇ ಪಿಕಪ್ಪೊಂದನ್ನು ಕೊಂಡು, ಆಗಷ್ಟೇ ಈ ಕಡೆಗೆ ಕಾಲಿಟ್ಟಿದ್ದ ಅಲ್ಯೂಮಿನಿಯಂ ಪಾತ್ರೆ ತುಂಬಿಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಸಂತೆಯಿಂದ ಸಂತೆಗೆ ತಿರುಗತೊಡಗಿದ. ಗಾಡಿ ಓಡಿಸುವುದನ್ನೇನೋ ಚೆನ್ನಾಗಿ ಕಲಿತ. ಮಾರುವುದು ಮಾತ್ರ ದೇವರಾಣೆಗೂ ಬರಲಿಲ್ಲ. ಹೆಂಗಸರು ಬಂದು ಪಾತ್ರೆ ಮುಟ್ಟಿ ನೋಡಿದರೆ ಈ ಮಹಾರಾಯ ಆಕಾಶ ನೋಡುತ್ತಾ ನಿಲ್ಲುತ್ತಿದ್ದ. ಹೋದ ಸರಕು ಹೋದ ಹಾಗೆಯೇ ವಾಪಸ್ಸು. ಪಾತ್ರೆಗಳ ಮಧ್ಯೆ ಮುದುಡಿ ಮಲಗಿದ್ದಕ್ಕೆ ಸೊಂಟನೋವು ಬೇರೆ.

ಇತ್ತ ಕನ್ನಮ್ಮ, ಗುರುತು ಪರಿಚಯವಿಲ್ಲದ ಹೊಸ ಊರಲ್ಲಿ ಅವನ ದಾರಿ ಕಾಯುತ್ತಾ ಕೂತಿರಬೇಕು. ಗಂಡನ ಸರಿಸಮಕ್ಕೆ ಗದ್ದೆಗಿಳಿದು ದುಡಿದವಳಿಗೆ ಹೀಗೆ ಸುಮ್ಮನೆ ಕೂರುವುದು ಶಿಕ್ಷೆಯೇ ಆಗಿತ್ತು.

"ನಾನೂ ಬರ್ತೀನಿ," ಅಂದಳು ಒಂದು ದಿನ.

"ತಲೆ ಕೆಟ್ಟಿದ್ಯಾ ಮಾರಾಯ್ತಿ? ಸಂತೆಮಾಳದಲ್ಲಿ ಹೆಂಗಸು ಎಲ್ಲಿ ಮಲಗ್ತಾಳೆ?"

"ಗಾಡಿಯಲ್ಲೇ ಜಾಗ ಮಾಡಿದ್ರೆ?"

"ಮಾಡು ನೋಡನ. ಒಂದು ಸುತ್ತು ಕರ್ಕೊಂಡು ಹೋಗ್ತೀನಿ." ಆಗದ ಕೆಲಸ ಅಂತ ಅವನಿಗೆ ಧೈರ್ಯ.

ಅವನು ಮಾತು ಮುಗಿಸುವಷ್ಟರಲ್ಲಿ ಕನ್ನಮ್ಮ ಬಡಗಿ ಮಂಜಯ್ಯನ ಮನೆಯ ಹಾದಿ ಹಿಡಿದಿದ್ದಳು. ನೀರು ಏರುವ ಮುಂಚೆ ಹಳೇ ಮನೆಯಿಂದ ಬಿಚ್ಚಿ ತಂದಿದ್ದ ಹಲಸಿನ ಹಲಗೆಗಳನ್ನು ತೋರಿಸಿ, "ಗಾಡಿ ಒಳಗೆ ಕೂರೋ ಹಂಗೆ ಒಂದು ಮಂಚ ಮಾಡಿಕೊಡಿ ಆಚಾರ್ರೇ. ಕೆಳಗೆ ಪಾತ್ರೆ, ಮೇಲೆ ನಾವು," ಅಂದಳು.

ಮಂಜಯ್ಯನ ಕೈ ಬಂಗಾರದಂಥದ್ದು. ಗಟ್ಟಿ ಕಾಲು, ಪಾತ್ರೆ ತೆಗೆಯಲು ನಡುವೆ ಎತ್ತುವ ಹಲಗೆ, ಎಲ್ಲ ಅಚ್ಚುಕಟ್ಟು. ಆದರೆ ಗಾಡಿಗೆ ಏರಿಸಿದರೆ ಮಂಚ ನಾಲ್ಕು ಬೆರಳು ಹೊರಗೆ! ಹಿಂಬಾಗಿಲು ಮುಚ್ಚಲೊಲ್ಲದು.

"ಗೊತ್ತು," ಅಂದ ಮಂಜಯ್ಯ ತಣ್ಣಗೆ. "ಗಾಡಿ ಅಳತೆಗೆ ಆಯ ಕೂಡಿ ಬರಲ್ಲ ತಂಗಿ. ಆಯ ಕೆಟ್ಟ ಮಂಚ ಮಲಗಿದವರಿಗೆ ಆಗಿಬರಲ್ಲ. ನಾನು ಕೊಯ್ಯಲ್ಲ."

ಮನೆಯಾಗಲಿ ಮಂಚವಾಗಲಿ, ಅಳತೆಯ ಲೆಕ್ಕ ಶುಭವಾಗಿ ಕೂಡಿ ಬರದಿದ್ದರೆ ಉಳಿ ಮುಟ್ಟದ ಮನುಷ್ಯ ಅವನು. ಬೆಳ್ಳಪ್ಪನಿಗೆ ಒಳಗೊಳಗೇ ಖುಷಿ. "ಬಾಗಿಲು ಹಾಕ್ದೆ ಗಾಡಿ ಹೊರಡಲ್ಲ. ಆಚಾರ್ರು ಕೊಯ್ಯಲ್ಲ. ಮುಗೀತಲ್ಲ?"

ಕನ್ನಮ್ಮನಿಗೆ ಸಿಟ್ಟು ನೆತ್ತಿಗೇರಿತು. ಹಲಗೆಯ ಮೇಲೆ ಧೊಪ್ಪನೆ ಕೂತಳು. ಕೂತ ಹಲಗೆಯನ್ನೇ ಒಮ್ಮೆ ಸವರಿ ಕೇಳಿದಳು.

"ಆಚಾರ್ರೇ, ಅಟ್ಟಕ್ಕೆ ಆಯ ನೋಡ್ತೀರಾ?"

"ಅಟ್ಟಕ್ಕೆ ಯಾರು ನೋಡ್ತಾರೆ? ಜಾಗ ಇದ್ದಷ್ಟು ಹಲಗೆ ಹಾಸೋದು."

"ಹಂಗಾದ್ರೆ ನಾನು ಹೇಳಿದ್ದೇ ತಪ್ಪು. ಇದು ಸಾಮಾನು ಇಡೋ ಅಟ್ಟ. ಮೇಲೆ ಜಾಗ ಉಳಿದ್ರೆ ನಾವು ಎರಡು ಜೀವ ಬೆನ್ನು ಚಾಚ್ತೀವಿ, ಅಷ್ಟೇ."

ಮಂಜಯ್ಯ ಎಲೆಅಡಿಕೆ ಜಗಿಯುತ್ತಾ ಈ ಮಾತಿನಲ್ಲಿ ಹುಳುಕು ಹುಡುಕಿದ. ಸಿಗಲಿಲ್ಲ. "ಮೊದ್ಲೇ ಅಟ್ಟ ಅನ್ನಕ್ಕೆ ಏನಾಗಿತ್ತು?" ಅಂತ ಗದರಿ ಗರಗಸ ಎತ್ತಿಕೊಂಡ. ಹಿಂಬಾಗಿಲು ಟಪ್ಪನೆ ಕೂತಿತು, ಬೆಳ್ಳಪ್ಪನ ಮುಖ ಸಪ್ಪೆಯಾಯಿತು.

ತೀರ್ಥಹಳ್ಳಿ ಸಂತೆಯಲ್ಲಿ ಕನ್ನಮ್ಮ ಯಾರನ್ನೂ ಕೂಗಿ ಕರೆಯಲಿಲ್ಲ. ಮೂರು ಕಲ್ಲು ಹೂಡಿ, ಮಾರುವ ಪಾತ್ರೆಯಲ್ಲೇ ಒಂದನ್ನು ತೆಗೆದು ಅನ್ನಕ್ಕಿಟ್ಟಳು. ಇದರಲ್ಲಿ ಅನ್ನ ಕಪ್ಪಾಗುತ್ತದಂತೆ ಎಂದು ಮೂಗು ಮುರಿಯುತ್ತಿದ್ದ ಹೆಂಗಸರು ಬಗ್ಗಿ ನೋಡಿದರು. ಅನ್ನ ಮಲ್ಲಿಗೆ ಹೂವಿನ ಹಾಗೆ ಅರಳಿತ್ತು. ಒಬ್ಬಳು ತಗೊಂಡಳು, ಅವಳನ್ನು ನೋಡಿ ಇನ್ನೊಬ್ಬಳು. ಸಂಜೆಗೆ ಹಲಗೆಯ ಕೆಳಗೆ ಉಳಿದದ್ದು ಪಾತ್ರೆಗಳ ನಡುವೆ ತುರುಕಿದ್ದ ಹುಲ್ಲು ಮಾತ್ರ.

ಇಬ್ಬರೂ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಅದೇ ಅನ್ನ ಉಂಡರು.

"ಮುಂದಿನ ಸಂತೆಗೆ ಬೇಗ ಹೊರಡಬೇಕು," ಅಂದ ಬೆಳ್ಳಪ್ಪ.

"ಒಂದೇ ಸುತ್ತು ಅಂದಿದ್ರಿ."

ಅವನು ಕೈಯಲ್ಲಿದ್ದ ತುತ್ತನ್ನೇ ನೋಡುತ್ತಾ ಹೇಳಿದ. "ನೀನಿಲ್ದೆ ನಂಗಾಗಲ್ಲ ಮಾರಾಯ್ತಿ. ಬಾ."

ಊರು ಬಿಟ್ಟ ದಿನವೂ ಅಳದ ಕನ್ನಮ್ಮನ ಕಣ್ಣು ತುಂಬಿತು. ಅದನ್ನು ಅವನಿಗೆ ತೋರಿಸಿಕೊಂಡರೆ ಕೆಟ್ಟಿತು ಅಂತ ಮುಖ ತಿರುಗಿಸಿದಳು.

"ನಾನಂತೂ ಹೊರಟೇ ಹೊರಡ್ತೀನಿ," ಅಂದಳು. "ಗಾಡಿ ಓಡ್ಸೋಕೆ ನೀವು ಬರ್ತೀರಾ ಹೇಳಿ."