ಕುಂಕುಮ ಕೊಟ್ಟು ವೋಟಿಗೆ ಕರೆದದ್ದು

ಎಪ್ಪತ್ತರ ದಶಕದ ಮಾತು. ಅಮೆರಿಕದ ನ್ಯೂಜೆರ್ಸಿಯ ಪಿಸ್ಕಾಟವೇ ಊರಿನಲ್ಲಿ ನಮ್ಮ ಸಂಸಾರ ಒಂದು ಅಪಾರ್ಟ್‌ಮೆಂಟಿನ ಮಹಡಿಯಲ್ಲಿ. ಇದ್ದ ಒಂದು ಕಾರನ್ನು ಏರಿ ಯಜಮಾನರು ಬೆಳಿಗ್ಗೆ ಪ್ರಿನ್ಸ್‌ಟನ್ನಿನ ಲ್ಯಾಬಿಗೆ ಹೊರಟರೆ ಸಂಜೆಯವರೆಗೆ ನಾನು ಕಿಟಕಿಯ ಪಾಲು. ಮೈಸೂರಿನಲ್ಲಿ ಮಧ್ಯಾಹ್ನದ ಮೇಲೆ ಒಂದು ದಿನವೂ ಮನೆಯಲ್ಲಿ ಕಾಲು ನಿಲ್ಲದ ಹೆಂಗಸು ನಾನು! ಇಲ್ಲಿ ಬಸ್ಸಿಲ್ಲ, ನಡೆಯೋಣವೆಂದರೆ ಫುಟ್‌ಪಾತಿಲ್ಲ. ಒಂದು ಹೂಕೋಸು ಬೇಕಾದರೂ ಶನಿವಾರದ ದಾರಿ ಕಾಯಬೇಕು. ಎರಡನೆಯ ಚಳಿಗಾಲದ ಹೊತ್ತಿಗೆ ಫ್ರಿಜ್ಜಿನ ಜೊತೆ ಮಾತಾಡಲು ಶುರುಮಾಡಿದ್ದೆ. ಹುಚ್ಚು ಹಿಡಿಯುತ್ತದೆಂದು ನಿಜಕ್ಕೂ ಹೆದರಿದ್ದೆ.

ಆ ಹೊತ್ತಿಗೆ ಕೆಳಗಿನ ಮನೆಯಾಕೆ ಕೌಂಟಿ ಮಂಡಳಿಯ ಚುನಾವಣೆಗೆ ನಿಂತರು. ರಿಟೈರಾದ ಟೀಚರು, ಗಂಡ ತೀರಿಕೊಂಡು ಒಬ್ಬರೇ ಇದ್ದರು, ಬಾಯಿ ಮಾತ್ರ ಹತ್ತು ಜನರದ್ದು. ಕೌಂಟಿ ಮಂಡಳಿ ಅಂದರೆ ನಮ್ಮ ಹಳೆಯ ಡಿಸ್ಟ್ರಿಕ್ಟ್ ಬೋರ್ಡ್ ಇದ್ದ ಹಾಗೆ: ರಸ್ತೆ, ಸೇತುವೆ, ಪಾರ್ಕು ಅದರ ಕೈಯಲ್ಲಿ. ಅಲ್ಲೊಬ್ಬ ಮಹಾನುಭಾವ ಗೂಟ ಹೊಡೆದುಕೊಂಡು ಕೂತಿದ್ದ. ಯಾವ ಚುನಾವಣೆ ಬಂದರೂ ಆತನೇ ಗೆಲ್ಲುವುದು. "ನಾನು ಗೆದ್ದರೆ ಈ ರಸ್ತೆಗೆ ಬಸ್ಸು ತರ್ತೀನಿ" ಎಂದರು ಟೀಚರು. ಬಸ್ಸು! ಆಕೆಯ ಕೈ ಹಿಡಿದು ಕುಣಿದುಬಿಟ್ಟೆ.

ಯಜಮಾನರು ನಕ್ಕರು. "ನೀನು ಈ ದೇಶದ ಸಿಟಿಜನ್ನೇ ಅಲ್ಲ. ನಿಂಗೆ ವೋಟೇ ಇಲ್ಲ, ನಿಂಗ್ಯಾಕೆ ಊರ ಉಸಾಬರಿ?"

"ನಂಗಿಲ್ದಿದ್ರೆ ಏನ್ರೀ, ಇರೋರನ್ನ ಕರೀಬಹುದಲ್ಲ!"

ಕರೆಯುವುದು ನನಗೆ ಗೊತ್ತಿದ್ದ ವಿದ್ಯೆ. ಮದುವೆಗೆ, ಗೌರಿಗೆ, ಸೀಮಂತಕ್ಕೆ ಬೀದಿ ಬೀದಿ ಕರೆದವಳು ನಾನು. ರೇಷ್ಮೆ ಸೀರೆ ಉಟ್ಟೆ, ಮೇಲೊಂದು ಕೋಟು ಹಾಕಿದೆ, ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದೆ. ಅಕ್ಕಪಕ್ಕದ ಕಟ್ಟಡಗಳಲ್ಲಿ ಒಂದು ಬಾಗಿಲೂ ಬಿಡಲಿಲ್ಲ. ಹೆಂಗಸರ ಹಣೆಗೆ ಕುಂಕುಮ ಇಟ್ಟು, ಟೀಚರ ಚೀಟಿ ಕೈಗೆ ಕೊಟ್ಟು, ನನ್ನ ಇಂಗ್ಲಿಷಿನಲ್ಲಿ ಹೇಳಿದೆ: ಮಂಗಳವಾರ ಮರೆಯಬೇಡಿ, ನಾನು ಮೇಲಿನ ಮನೆಯವಳು, ಎಲ್ಲರೂ ಬರಬೇಕು. ನಾಲಿಗೆ ಅಷ್ಟಕ್ಕೇ ನಿಲ್ಲಬೇಕಲ್ಲ! ಹುಟ್ಟಿದಾಗಿನ ಅಭ್ಯಾಸ. ಪ್ರತಿ ಬಾಗಿಲಲ್ಲೂ "ಆ ದಿನ ಮನೇಲಿ ಒಲೆ ಹಚ್ಚಬಾರದು" ಎನ್ನುವುದನ್ನೂ ಇಂಗ್ಲಿಷಿನಲ್ಲಿ ಸೇರಿಸಿದ್ದೆ. ನಮ್ಮಲ್ಲಿ ಹಾಗೆ ಹೇಳದಿದ್ದರೆ ಕರೆದಂತೆಯೇ ಅಲ್ಲ.

ಮಂಗಳವಾರ ಮಧ್ಯಾಹ್ನ ಬೆಲ್ಲು ಹೊಡೆಯಿತು. ಬಾಗಿಲಲ್ಲಿ ಒಬ್ಬ ಮುದುಕ, ಮುದುಕಿ, ಕೈಯಲ್ಲಿ ಆಪಲ್ ಪೈ. ಅವರ ಹಿಂದೆ ಅವಳಿ ಮಕ್ಕಳ ತಾಯಿ. ಅವಳ ಹಿಂದೆ ಮೆಟ್ಟಿಲ ತುಂಬ ಜನ. ಎಲ್ಲರೂ ಹಸಿದು ಬಂದಿದ್ದಾರೆ! ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಮೇಲೆ ಅಡುಗೆಮನೆಗೆ ಓಡಿದೆ. ಇಲ್ಲಿಯವರು ಹಾಲಿನಲ್ಲಿ ಬೇಯಿಸಿ ತಿನ್ನುವ ಗೋಧಿ ರವೆ ಇತ್ತು. ಒಗ್ಗರಣೆ ಚಟಪಟ ಎಂದಿತು, ಮೆಣಸಿನಕಾಯಿ ಘಾಟಿಗೆ ಮನೆಯೆಲ್ಲ ಕೆಮ್ಮಿತು, ಉಪ್ಪಿಟ್ಟಾಯಿತು. ಸೋಫಾ, ನೆಲ, ಹಾಸಿಗೆ, ಎಲ್ಲೆಂದರಲ್ಲಿ ಕೂತು ತಿಂದರು.

ಗಲಾಟೆ ಕೇಳಿ ಟೀಚರು ಮೇಲೆ ಬಂದವರು ತಲೆಯ ಮೇಲೆ ಕೈ ಹೊತ್ತರು. "ವೋಟಿಗೆ ಊಟ ಹಾಕಿದೆ ಅಂತ ನನ್ನನ್ನ ಜೈಲಿಗೆ ಹಾಕ್ತಾರೆ ಕಣೇ!"

"ಇದು ಊಟ ಅಲ್ಲ, ಬರೀ ತಿಂಡಿ" ಎಂದೆ. ಅವರೂ ಒಂದು ತಟ್ಟೆ ತೆಗೆದುಕೊಂಡರು.

ಆಮೇಲೆ ಎಲ್ಲರನ್ನೂ ಹೊರಡಿಸಿದೆ. ಕುಂಕುಮದ ಹಣೆಗಳ ಆ ದಿಬ್ಬಣ ಅಗ್ನಿಶಾಮಕ ಠಾಣೆಯ ಮತಗಟ್ಟೆಗೆ ಹೊರಟಾಗ ಕಾರಿನವರು ನಿಲ್ಲಿಸಿ ನೋಡಿದರು. ತಾನೂ ಹಣೆಗೆ ಇಡಿಸಿಕೊಂಡಿದ್ದ ಮುದುಕ ದಾರಿಯಲ್ಲಿ ನನ್ನ ಕಿವಿಗೆ ಬಗ್ಗಿ, "ನಾನು ಯಾವಾಗಲೂ ಆತನಿಗೇ ಹಾಕೋದು, ಬೇಜಾರು ಮಾಡ್ಕೋಬೇಡ. ಉಪ್ಪಿಟ್ಟು ಚೆನ್ನಾಗಿತ್ತು" ಎಂದ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ!

ಟೀಚರು ಸೋತರು. ಸೋಲೆಂದರೆ ಅಂಥಿಂಥ ಸೋಲಲ್ಲ, ನೆಲಕಚ್ಚಿದರು. ಮರುದಿನ ಬೆಳಿಗ್ಗೆ ಅವರು ಮೇಲೆ ಬಂದಾಗ ಸಮಾಧಾನ ಹೇಳಬೇಕಾದವಳು ನಾನು, ಅತ್ತವಳೂ ನಾನೇ. ಅವರಿಗಾಗಿ ಅಲ್ಲ, ಬಸ್ಸಿಗಾಗಿ ಅತ್ತೆ. ಮತ್ತೆ ಆ ಕಿಟಕಿ, ಆ ಫ್ರಿಜ್ಜು.

"ಅಳು ಸಾಕು, ಕೋಟು ಹಾಕ್ಕೋ" ಎಂದರು. ಕೆಳಗೆ ಅವರ ಉದ್ದನೆಯ ಕಾರು. ಅದರ ಎರಡೂ ಬಾಗಿಲಿಗೆ ಅವರದೇ ಮುಖ ಅಂಟಿಸಿತ್ತು. ಚರ್ಚಿನ ಹಿಂದಿನ ಖಾಲಿ ಪಾರ್ಕಿಂಗಿಗೆ ಕರೆದೊಯ್ದು ಸ್ಟೀರಿಂಗ್ ನನ್ನ ಕೈಗೆ ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ಕಾರು ಮುಂದೆ ನೆಗೆಯಿತು, ನಾನು ಕಿರುಚಿದೆ, ಅವರು ನನಗಿಂತ ಜೋರಾಗಿ ಕಿರುಚಿದರು. ಚಳಿಗಾಲ ಪೂರ್ತಿ ಹಾಗೇ ಕಿರುಚಿಕೊಂಡು ಕಲಿತೆ. ಯಜಮಾನರಿಗೆ ಒಂದು ಮಾತೂ ಹೇಳಲಿಲ್ಲ.

ಲೈಸೆನ್ಸ್ ಕೈಗೆ ಬಂದ ವಾರ ಟೀಚರ ಕಾರು ಕೇಳಿ ಪಡೆದು, ಊಟದ ಹೊತ್ತಿಗೆ ಸರಿಯಾಗಿ ಪ್ರಿನ್ಸ್‌ಟನ್ನಿನ ಲ್ಯಾಬಿನ ಮುಂದೆ ನಿಲ್ಲಿಸಿ ಹಾರನ್ ಹೊಡೆದೆ. ಯಜಮಾನರು ಹೊರಗೆ ಬಂದರು. ಬಾಗಿಲ ಮೇಲೆ ನಗುತ್ತಿದ್ದ ಸೋತ ಅಭ್ಯರ್ಥಿಯನ್ನು ನೋಡಿದರು, ನನ್ನನ್ನು ನೋಡಿದರು.

"ಯಾರು ಕರ್ಕೊಂಡ್ಬಂದ್ರು?" ಎಂದು ಬಗ್ಗಿ ಪಕ್ಕದ ಸೀಟಿನಲ್ಲಿ, ಹಿಂದಿನ ಸೀಟಿನಲ್ಲಿ ಹುಡುಕಿದರು.

"ಯಾರೂ ಇಲ್ಲ ರೀ" ಎಂದೆ. "ಹತ್ತಿ."