ಯಲಹಂಕದ ಬಿಸಿಲಿನ ಮೇಲೆ ಹೊರಿಸಿದ ಆರೋಪ

ದಿನಾಂಕ ಜುಲೈ ಹದಿನಾರು; ಅದಕ್ಕೆ ಆಧಾರ ನನ್ನದೇ ರಕ್ತಪರೀಕ್ಷೆಯ ವರದಿ. ವಿಜಯಪುರದ ಬಿಸಿಲಿನಲ್ಲಿ ಅರವತ್ತು ವರ್ಷ ಬೆಂದವಳ ಮೈಯಲ್ಲಿ, ಬಿಸಿಲಿನಿಂದ ಹುಟ್ಟಬೇಕಾದ ಡಿ ಜೀವಸತ್ವವೇ ಸಾಲದು ಎಂದು ಅದರಲ್ಲಿತ್ತು. ಅದಕ್ಕೂ ವಾರದ ಮುಂಚೆ, ಯಲಹಂಕದ ಈ ಬಾಡಿಗೆ ಮನೆಯಲ್ಲಿ ಜಡೆ ಹಾಕುವಾಗ, ನೆತ್ತಿಯ ಹಿಂದೆ ರೂಪಾಯಿಯಗಲದ ನುಣುಪು ಜಾಗವೊಂದು ಬೆರಳಿಗೆ ಸಿಕ್ಕಿತ್ತು.

ಚರ್ಮವೈದ್ಯೆ ಅದನ್ನು ಅಲೊಪೇಶಿಯಾ ಅರಿಯಾಟಾ ಎಂದರು: ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡದ ಮೇಲೆ ತಿರುಗಿಬೀಳುವುದು.

"ಇಂಥವರಲ್ಲಿ ವಿಟಮಿನ್ ಡಿ ಕಡಿಮೆ ಇರೋದು ಹೆಚ್ಚಾಗಿ ಕಾಣತ್ತೆ. ಆದ್ರೆ ಅದರಿಂದ್ಲೇ ಕೂದಲು ಹೋಯ್ತು ಅಂತ ಹೇಳೋಕಾಗಲ್ಲಮ್ಮ. ಕೊರತೆ ತುಂಬ್ಸೋಣ, ಕೂದಲಿಗೆ ಬೇರೆ ಚಿಕಿತ್ಸೆ ಕೊಡ್ತೀನಿ."

ಶಾಸನಗಳ ಕಾಲನಿರ್ಣಯದಲ್ಲಿ ವೃತ್ತಿಜೀವನ ಕಳೆದ ನಾನು ಈ ಎಚ್ಚರಿಕೆಯನ್ನು ಕೇಳಿಯೂ ಬದಿಗಿಟ್ಟೆ. ಮಾರ್ಚಿನಲ್ಲಿ ಇಲ್ಲಿಗೆ ಬಂದದ್ದು, ಜುಲೈಯಲ್ಲಿ ಕೂದಲು ಹೋದದ್ದು. ತಪ್ಪು ಯಲಹಂಕದ್ದೆನ್ನಲು ನನಗೆ ಅಷ್ಟು ಸಾಕಾಗಿತ್ತು. ವಿಜಯಪುರದಲ್ಲಿ ಮಾಳಿಗೆ, ಅಂದರೆ ನಮ್ಮ ಮಣ್ಣಿನ ಚಪ್ಪಟೆ ಛಾವಣಿ, ದಿನವಿಡೀ ನಮ್ಮದು. ಇಲ್ಲಿ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಟೆರೇಸಿಗೆ ಬೀಗ. ನಾವು ತಪ್ಪಲಪಲ್ಯ ಎನ್ನುವುದನ್ನು ಅಂಗಡಿಯಲ್ಲಿ ಸೊಪ್ಪು ಎಂದು ಕೇಳಲು ಬೇಗ ಕಲಿತೆ. ಬಿಸಿಲನ್ನೂ ಕೇಳಿ ಪಡೆಯಬೇಕೆಂಬುದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ದೀಪಾವಳಿಯೊಳಗೆ ಕೂದಲು ಬಾರದಿದ್ದರೆ ಮನೆ ಖಾಲಿ ಮಾಡಿ ಊರಿಗೆ ಮರಳುವುದೇ ಸೈ ಎಂದು ಪತಿಗೆ ಹೇಳಿದೆ. ನಿವೃತ್ತಿಯ ನಂತರ ಇಲ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಅವರು ಹುರುಪಿನಲ್ಲಿದ್ದರು.

ಮನೆಯೊಡತಿ ಗೌರಮ್ಮನವರು, ತಾವೇ ರಾಗಿ ಬೆಳೆದ ಹೊಲದಲ್ಲಿ ಈ ಕಟ್ಟಡ ಎಬ್ಬಿಸಿದವರು. ಕೂದಲಿನ ಕಥೆ ಹೇಳಿ ಪಟ್ಟುಹಿಡಿದು ಕೇಳಿದ ಮೇಲೆ ಟೆರೇಸಿನ ಕೀ ಕೊಟ್ಟರು. ಮರುದಿನ ಬಟ್ಟೆ ಒಣಹಾಕಲು ಬಂದವರು ನನ್ನನ್ನು ನೋಡಿ ನಿಂತರು.

"ಏನ್ ಮೇಡಮ್, ಬಿಸ್ಲು ಬೇಕು ಅಂತ ಕೀ ಇಸ್ಕೊಂಡು, ಇಂಗೆ ಮದುವಣಗಿತ್ತಿ ತರ ಮುಚ್ಕೊಂಡು ಕೂತಿದ್ದೀರಲ್ಲ?"

ಹಿರಿಯರೆದುರು ತಲೆಯ ಮೇಲೆ ಸೆರಗು ಹೊದ್ದು ಬೆಳೆದವಳು ನಾನು. ಬೋಳು ಕಾಣದಿರಲೆಂದು ಅದನ್ನೇ ತಲೆತುಂಬ ಹೊದ್ದು, ಮುಂಗೈಯವರೆಗೂ ಎಳೆದುಕೊಂಡಿದ್ದೆ.

"ಕೈಗಾದ್ರೂ ಬಿಸ್ಲು ಬೀಳ್ಲಿ ಬುಡ್ರೀ. ನಿಮ್ ಕೂದ್ಲು ನೋಡೋಕೆ ಇಲ್ಯಾರವ್ರೆ, ವಿಮಾನದೋರಾ?"

ನಕ್ಕುಬಿಟ್ಟೆ. ಊರು ಬಿಟ್ಟ ಮೇಲೆ ಹೊರಗಿನವರೊಡನೆ ನಕ್ಕದ್ದು ಅದೇ ಮೊದಲು. ಅಂದಿನಿಂದ ಸೆರಗು ಸರಿಸಿ, ತೋಳನ್ನು ಬಿಸಿಲಿಗೊಡ್ಡಿ ಕುಳಿತೆ. ವೈದ್ಯರ ಮಾತ್ರೆ, ಮುಲಾಮು ಯಾವುದನ್ನೂ ತಪ್ಪಿಸಲಿಲ್ಲ.

ಅಕ್ಟೋಬರಿನಲ್ಲಿ ಆ ಜಾಗದಲ್ಲಿ ಬಿಳಿಯ ಎಳೆಗಳು ಮೂಡಿದವು. ಬಿಸಿಲಿನಿಂದಲೋ, ಮುಲಾಮಿನಿಂದಲೋ, ತಾವಾಗಿಯೋ, ನಿರ್ಣಯಿಸಲು ನನ್ನಲ್ಲಿ ಆಧಾರವಿಲ್ಲ. ಆದರೂ ಊರಿಗೆ ಮರಳುವ ಮಾತನ್ನು ನಾನು ಕೈಬಿಟ್ಟಿರಲಿಲ್ಲ. ಇದನ್ನು ಬರೆಯಲು ಕುಳಿತಾಗ, ಊರಿನಲ್ಲಿ ನನ್ನ ಜಡೆ ಎಷ್ಟು ದಟ್ಟವಾಗಿತ್ತೆಂದು ಖಚಿತಪಡಿಸಿಕೊಳ್ಳಲು ತಂಗಿಯಿಂದ ಹಳೆಯ ಚಿತ್ರವೊಂದನ್ನು ತರಿಸಿದೆ.

"ನಮ್ಮ ಸೊಸಿ ಕುಬಸದಾಗ ನೀ ಬಗ್ಗಿ ಉಡಿ ತುಂಬೂದೈತಿ ನೋಡಕ್ಕಾ, ಹಿಂದಿನಿಂದ ತಗದದ್ದು," ಎಂದಳು.

ಫೆಬ್ರುವರಿಯ ಆ ಸೀಮಂತದ ಚಿತ್ರ, ನಾನಿನ್ನೂ ಯಲಹಂಕವನ್ನು ಕಂಡಿರಲಿಲ್ಲ. ಸುಡುವ ಅಂಗಳದಲ್ಲಿ ಬಸುರಿಯ ಮುಂದೆ ಬಾಗಿದ ನನ್ನ ನೆತ್ತಿಯ ಹಿಂದೆ, ಅದೇ ಜಾಗದಲ್ಲಿ, ಆಗಿನ್ನೂ ಹುಣಸೆಬೀಜದಷ್ಟು, ಬೋಳು ಕಾಣುತ್ತಿದೆ.

ಸಂಜೆ ಅದನ್ನು ಪತಿಗೆ ತೋರಿಸಿ, ಮನೆ ಖಾಲಿ ಮಾಡುವ ಮಾತನ್ನು ಹಿಂತೆಗೆದುಕೊಂಡೆ. ಮರಳಲು ನನ್ನಲ್ಲಿದ್ದ ಒಂದೇ ಆಧಾರ ಬಿದ್ದುಹೋಯಿತು. ಮರಳುವ ಆಸೆ ಮಾತ್ರ ಉಳಿದಿದೆ; ಅದಕ್ಕೆ ಆಧಾರ ಎಂದೂ ಬೇಕಿರಲಿಲ್ಲವೆಂದು ಈಗ ತಿಳಿಯುತ್ತಿದೆ.