ಗೋಡೆಯಿಂದ ಶುರು ಮಾಡುತ್ತಿದ್ದ ಕಾಕಾ

ಪ್ರೊಸೆಸರನ್ನು ಬೋರ್ಡಿನ ಮೇಲೆ ಕೂರಿಸುವಾಗ ಕಾಕಾನ ಮೂಗಿನ ತುದಿಯಲ್ಲಿ ಬೆವರಿನ ಹನಿಯೊಂದು ಮೂಡುತ್ತಿತ್ತು. ಚಳಿಗಾಲವಿರಲಿ, ತಲೆಯ ಮೇಲೆ ಫ್ಯಾನು ತಿರುಗುತ್ತಿರಲಿ, ಆ ಹನಿ ಬಂದೇ ಬರುವುದು. ಅದು ಕೆಳಗೆ ಬಿದ್ದರೆ ಗತಿಯೇನೆಂದು ಹೆದರಿ ಮೂಗಿನ ಮೇಲೆ ಕರವಸ್ತ್ರ ಕಟ್ಟಿಕೊಂಡೇ ಕೆಲಸಕ್ಕೆ ಕೂರುತ್ತಿದ್ದರು. ಗೊತ್ತಿಲ್ಲದವರು ನೋಡಿದರೆ ಅಂಗಡಿಗೆ ಕಳ್ಳ ಹೊಕ್ಕಿದ್ದಾನೆ ಅನ್ನಬೇಕು.

ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರಿಗಳ ಹಿಂದಿನ ಗಲ್ಲಿಯಲ್ಲಿ ಅವರ ಕಂಪ್ಯೂಟರ್ ಅಂಗಡಿ. ಇಡೀ ಗಲ್ಲಿ ಅವರನ್ನು ಕಾಕಾ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ನನ್ನದು ಅಕ್ಕೋಳದ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ದುಡಿಯಲು ನಿಂತವನು ನಾನು. ನನ್ನ ಕೈಯ ಗೇಟಿಗೆ ಟ್ರ್ಯಾಕ್ಟರ್ ಗುದ್ದಿದರೂ ಬೆಸುಗೆ ಬಿಡುವುದಿಲ್ಲ. ಯಾರ ಮುಂದೆಯೂ ತಲೆ ತಗ್ಗಿಸಿ ನಿಂತವನಲ್ಲ.

ಕಾಲೇಜು ಓದುವ ಮಗಳಿಗೆ ಗೇಮಿಂಗ್ ಕಂಪ್ಯೂಟರ್ ಬೇಕಾಗಿತ್ತು. ಕೊಲ್ಹಾಪುರದ ಹುಡುಗಿಯರ ತಂಡವೊಂದು ಆನ್‌ಲೈನ್ ಪಂದ್ಯಗಳಿಗೆ ಆಟಗಾರರನ್ನು ಆರಿಸುತ್ತಿತ್ತು. ಗೆಳತಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಆಡಿಯೇ ಇವಳು ಕೊನೆಯ ಸುತ್ತು ಮುಟ್ಟಿದ್ದಳು. ಆ ಸುತ್ತಿನ ಆಟವನ್ನು ಎಳೆಯುವ ಶಕ್ತಿ ಲ್ಯಾಪ್‌ಟಾಪಿಗೆ ಇರಲಿಲ್ಲ. ಅವಳನ್ನು ಕರೆದುಕೊಂಡು ಕಾಕಾನ ಅಂಗಡಿಗೆ ಹೋದೆ.

"ಎಲ್ಲಾಕ್ಕಿಂತ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕ್ರಿ ಕಾಕಾ," ಎಂದೆ. "ಗಾಜಿನ ಕ್ಯಾಬಿನೆಟ್ ಇರಲಿ, ಒಳಗ ಬಣ್ಣದ ಲೈಟ್ ಇರಲಿ. ನನ್ನ ಮಗಳದು ಯಾರದಕಿಂತ ಕಡಿಮಿ ಆಗಬಾರದು."

"ಮನ್ಯಾಗ ಯಾವ ಗ್ವಾಡಿಗೆ ಪಿನ್ ಚುಚ್ಚತೀರಿ?" ಎಂದು ಕೇಳಿದರು ಕಾಕಾ.

"ಗ್ವಾಡಿ ತಗೊಂಡು ಏನ್ ಮಾಡ್ತೀರ್ರಿ?"

"ನಾ ಗ್ವಾಡಿಯಿಂದ ಶುರು ಮಾಡಾಂವ. ಮದಲ ಸಾಕೆಟ್, ಆಮ್ಯಾಲ ಪವರ್ ಸಪ್ಲೈ, ಆಮ್ಯಾಲ ಬೋರ್ಡು. ಕಾರ್ಡಿನ ಮಾತು ಕಟ್ಟಕಡೀಗೆ."

ಮಗಳು ನಡುವೆ ಬಾಯಿ ಹಾಕಿದಳು. "ಕಾಕಾ, ಲಿಕ್ವಿಡ್ ಕೂಲಿಂಗ್ ಹಾಕೂಣಲ್ಲ?"

"ಕರೆಂಟಿನ ಮಗ್ಗಲಕ ನೀರು? ಬ್ಯಾಡ ತಂಗಿ, ನನಗ ನಿದ್ದಿ ಹತ್ತಂಗಿಲ್ಲ. ಗಾಜಿಂದೂ ಬ್ಯಾಡ. ಈ ಊರಾಗ ಗಾಳ್ಯಾಗೆಲ್ಲಾ ತಂಬಾಕಿನ ಧೂಳ ಐತಿ, ಮಷೀನ್ ಉಸರಗಟ್ಟಿ ಸಾಯತೈತಿ. ತೂತಿನ ಜಾಳಿ ಇದ್ದದ್ದು ತಗೋ, ಜಾಳಿ ತೊಳಕೊಂತ ಇರು."

"ಕಾಕಾ, ನೀವು ಅಂಗಡಿ ಇಟ್ಟೀರೋ, ಹೆದರಿಕಿ ಇಟ್ಟೀರೋ?" ಎಂದು ಕೆಣಕಿದೆ.

"ಎರಡೂ ಇಟ್ಟೇನ್ರಿ ಮಾಲಕ. ಹೆದರಿಕಿ ಫುಕಟ್ ಕೊಡತೀನಿ."

ಮಗಳು ಬಿದ್ದು ಬಿದ್ದು ನಕ್ಕಳು. ಕಾಕಾ ನಗಲಿಲ್ಲ. ಮನೆ ನೋಡದೆ ಒಂದು ಸ್ಕ್ರೂ ಕೂಡ ಕೊಡುವುದಿಲ್ಲ ಎಂದುಬಿಟ್ಟರು.

ನಮ್ಮದು ತೋಟದ ಮನೆ. ಕಬ್ಬಿನ ನಡುವಿನ ನಮ್ಮಂಥ ಮನೆಗಳಿಗೆ ಕಂಬದಿಂದ ಒಂದೇ ತಂತಿ ಎಳೆದುಕೊಳ್ಳುವುದು ರೂಢಿ. ಕರೆಂಟು ಮರಳಿ ಹೋಗಲು ಬೇಕಾದ ಎರಡನೇ ತಂತಿಯ ಬದಲು ಹಿತ್ತಲಲ್ಲಿ ಕಬ್ಬಿಣದ ಸರಳು ಹುಗಿಯುತ್ತೇವೆ. ಮಣ್ಣು ಒಣಗಿ ಬಲ್ಬು ಮಂಕಾದರೆ ಆ ಗುಂಡಿಗೆ ಒಂದು ಕೊಡ ಉಪ್ಪುನೀರು ಸುರಿದರಾಯಿತು. ತುಳಸಿಗೆ ನೀರು ಹಾಕಿದಷ್ಟೇ ಸಲೀಸಾಗಿ ಹೆಂಗಸರು ಮಕ್ಕಳು ಆ ಕೆಲಸ ಮಾಡುತ್ತಾರೆ.

ಕಾಕಾ ನಮ್ಮ ಅಂಗಳಕ್ಕೆ ಬಂದಾಗ ಮಗಳು ಅದನ್ನೇ ಮಾಡುತ್ತಿದ್ದಳು. ಬರಿಗಾಲು, ಕೈಯಲ್ಲಿ ಕೊಡ. ಕಾಕಾ ಸ್ಕೂಟರನ್ನು ಸ್ಟ್ಯಾಂಡಿಗೂ ಹಾಕದೆ ಕೈಬಿಟ್ಟು ಓಡಿ ಬಂದರು.

"ತಂಗೀ, ಕೊಡಾ ಅಲ್ಲೇ ಬಿಡು! ಹಿಂದಕ ಸರಿ!"

ಕೊಡ ಉರುಳಿತು. ಕಾಕಾ ಟೆಸ್ಟರ್ ತೆಗೆದು ಸರಳಿಗೆ ಮುಟ್ಟಿಸಿದರು. ಒಳಗಿನ ಕೆಂಪು ದೀಪ ಹತ್ತಿತು. ಆ ಹಗಲಿನಲ್ಲೂ ಅದು ನಿಚ್ಚಳವಾಗಿ ಕಂಡಿತು. ಕಾಕಾ ಮೆಟ್ಟಿಲ ಮೇಲೆ ಕುಸಿದು ಕುಳಿತರು.

"ಕಂಪ್ಯೂಟರ್ ಮೈ ಕಬ್ಬಿಣದ್ದು ಮಾಲಕ. ಅದರ ಮೂರನೇ ಪಿನ್ನೂ ಇದೇ ಸರಳಿಗೆ ಕೂಡೇತಿ. ಈ ತಂತಿ ಹರೀತಂದ್ರ ಕರೆಂಟ್ ವಾಪಸ್ ಹೋಗಾಕ ಬ್ಯಾರೇ ದಾರಿ ಹುಡುಕತೈತಿ. ಮಷೀನ್ ಮುಟ್ಟಿ ಕುಂತಾಕಿ ಮೈಯಾಗ ಹಾಯತೈತಿ."

"ನಾ ದಿನಾ ಕರೆಂಟಿನ ಜೋಡಿ ದುಡ್ಯಾಂವ. ಇಷ್ಟ ವರ್ಷ ಏನೂ ಆಗಿಲ್ಲ," ಎಂದೆ. ಆಮೇಲೆ ಅವರ ಮುಖ ನೋಡಿ ದನಿ ತಗ್ಗಿಸಿ ಕೇಳಿದೆ, "ನಿಮ್ಮ ಮನ್ಯಾಗ ಯಾರಿಗರೆ ಹಿಂಗ ಆಗಿತ್ತೇನ್ರಿ?"

"ಇಲ್ಲ. ಹೆದರಬೇಕಂದ್ರ ಯಾರರೆ ಸತ್ತಿರಬೇಕೇನು?"

ಕಂಬದಿಂದ ಸರಿಯಾದ ಎರಡನೇ ತಂತಿ ಬರಬೇಕು, ಬೇರೆ ಅರ್ಥಿಂಗ್ ಆಗಬೇಕು, ಕರೆಂಟು ಹೊಯ್ದಾಡಿದರೆ ತಾನೇ ಬೀಳುವ ಸ್ವಿಚ್ಚು ಕೂರಬೇಕು, ಅಲ್ಲಿಯವರೆಗೆ ಮಷೀನು ಈ ಮನೆಗೆ ಬರುವುದಿಲ್ಲ ಎಂದು ಹೇಳಿ ಕಾಕಾ ಹೊರಟುಹೋದರು. ಮಗಳು ಅತ್ತಳು. "ಅಪ್ಪಾ, ಕೊಲ್ಹಾಪುರದಾಗ ತಗೊಳ್ಳೂಣು. ಅಲ್ಲಿ ಯಾರೂ ಗ್ವಾಡಿ ಕೇಳಂಗಿಲ್ಲ." ನನಗೂ ಅದೇ ಸರಿ ಅನ್ನಿಸಿತು.

ಮರುದಿನ ಬಲ್ಬು ಮತ್ತೆ ಮಂಕಾಯಿತು. ಮಗಳನ್ನು ಕೂರಿಸಿ ನಾನೇ ಕೊಡ ಎತ್ತಿಕೊಂಡು ಹೋದೆ. ಗುಂಡಿಯ ಹತ್ತಿರ ಕಾಲುಗಳು ನಿಂತುಬಿಟ್ಟವು. ಆ ನೆಲ ನನ್ನನ್ನೇ ನೋಡುತ್ತಿದೆ ಅನ್ನಿಸಿತು. ನಿನ್ನೆ ಅಲ್ಲಿ ಮಗಳ ಒದ್ದೆ ಪಾದದ ಗುರುತು ಇತ್ತಲ್ಲ ಎಂಬುದು ನೆನಪಾಯಿತು. ಕೊಡವನ್ನು ಅಲ್ಲೇ ಇಳಿಸಿ ಬಂದು ಸೀದಾ ಕರೆಂಟಿನ ಆಫೀಸಿಗೆ ಹೋದೆ.

ಎರಡನೇ ತಂತಿ ಬರುವುದರೊಳಗೆ ಕೊನೆಯ ಸುತ್ತು ಬಂತು. ಆಗ ಕಾಕಾ ಮಷೀನನ್ನು ತಮ್ಮ ಅಂಗಡಿಯಲ್ಲೇ ಜೋಡಿಸಿ ಮಗಳನ್ನು ಅದರ ಮುಂದೆ ಕೂರಿಸಿದರು. ನಾನು ಕೇಳಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಕಾರ್ಡು ಹಾಕಿದ್ದರು. ಪವರ್ ಸಪ್ಲೈ ಮಾತ್ರ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಗಟ್ಟಿಯದು. "ಕಾರ್ಡ್ ಮುಂದ ಬದಲಿ ಮಾಡಬಹುದು ತಂಗಿ. ಇದರಾಗ ಕಂಜೂಸಿ ಮಾಡಿದ್ರ ಒಂದು ದಿನ ಎಲ್ಲಾ ಕೂಡೇ ಹೋಗತೈತಿ." ಅವಳು ಆಡುವಷ್ಟು ಹೊತ್ತು ಕಾಕಾ ಮೇನ್ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದರು. ಅವಳು ತಂಡಕ್ಕೆ ಆಯ್ಕೆಯಾದಳು.

ತಂತಿ, ಅರ್ಥಿಂಗ್, ಸ್ವಿಚ್ಚು ಎಲ್ಲ ಆದ ಮೇಲೆ ಕಾಕಾ ತಾವೇ ಮಷೀನು ತಂದು ಇಟ್ಟರು. ಹೊರಡುವಾಗ ಮಗಳಿಗೆ ಹೇಳಿದರು, "ಗಾಳಿ ಮಳ್ಯಾಗ ಲೈನ್ ಹೊಯ್ದಾಡಿದ್ರ ಕಟ್ಟಿಗಿ ಮಂಚದ ಮ್ಯಾಲ ಹತ್ತಿ ಕೂಡು. ಅಪ್ಪ ಬರೂಮಟಾ ಏನೂ ಮುಟ್ಟಬ್ಯಾಡ."

ಮುಂಗಾರು ಶುರುವಾದ ಹೊಸತರಲ್ಲಿ, ಒಂದು ಮಧ್ಯಾಹ್ನ, ಬಿರುಗಾಳಿ ಬೀಸಿತು. ಹೆಂಡತಿ ಸಂತೆಗೆ ಹೋಗಿದ್ದಳು, ನಾನು ಅಂಗಡಿಯಲ್ಲಿದ್ದೆ. ಪಕ್ಕದ ತೋಟದವನ ಫೋನು ಬಂತು.

"ಲೇ, ಲಗೂನ ಬಾ. ನಮ್ಮಿಬ್ಬರ ಮನಿ ನಡುವ ಲೈನ್ ಹರದ ಬಿದ್ದೈತಿ. ನಮ್ಮ ಸರಳಿನ ಹಂತೇಕ ಕಟ್ಟಿದ್ದ ಎಮ್ಮಿ ನಿಂತಲ್ಲೇ ಬಿದ್ದ ಸತ್ತೈತಿ. ನಿನ್ನ ಮಗಳು ಫೋನ್ ಎತ್ತವಲ್ಲಳೋ."

ಗಾಡಿ ಹೇಗೆ ಓಡಿಸಿದೆನೋ ತಿಳಿಯದು. ಮನೆಯ ಬಾಗಿಲು ಮುಚ್ಚಿತ್ತು. ನಾನೇ ಮಾಡಿದ ಕಬ್ಬಿಣದ ಬಾಗಿಲು. ಒಳಗೆ ಮಗಳ ಫೋನು ಬಡಿದುಕೊಳ್ಳುತ್ತಿತ್ತು. ಅವಳನ್ನು ಕೂಗಿದೆ. ಬಾಗಿಲಿಗೆ ಕೈ ಚಾಚಿದೆ.

"ಅಪ್ಪಾ, ಬಾಗಲಾ ಮುಟ್ಟಬ್ಯಾಡ! ಲೈನ್‌ಮನ್ ಬರ್ಲಿ!"

ಒಳಗಿನಿಂದ ಅವಳ ದನಿ. ನನ್ನ ಕೈ ಬಾಗಿಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಲೈನ್‌ಮನ್ ಬಂದು ಟ್ರಾನ್ಸ್‌ಫಾರ್ಮರ್ ಬಂದ್ ಮಾಡುವವರೆಗೆ ನಾವಿಬ್ಬರೂ ಆ ಬಾಗಿಲಿನ ಆಚೆ ಈಚೆ ಹಾಗೇ ಇದ್ದೆವು. ಅವಳು ಒಳಗಿಂದ ನನಗೆ ಧೈರ್ಯ ಹೇಳುತ್ತಿದ್ದಳು. ಬಾಗಿಲು ತೆರೆದಾಗ ಮಂಚದ ಮೇಲೆ ಕಾಲು ಮಡಚಿ ಕುಳಿತಿದ್ದಳು. ಚಾರ್ಜಿಗಿಟ್ಟ ಫೋನು ಮಷೀನಿನ ಪಕ್ಕದಲ್ಲಿತ್ತು. ಸ್ವಿಚ್ಚು ತಾನೇ ಬಿದ್ದಿತ್ತು.

ಕಾಕಾನಿಗೆ ಫೋನ್ ಮಾಡಿ, ಮಷೀನಿಗೆ ಏನೂ ಆಗಿಲ್ಲ ಎಂದು ಶುರು ಮಾಡಿದೆ.

"ಮಷೀನ್ ಬಿಡ್ರಿ ಮಾಲಕ," ಎಂದರು. "ಹುಡುಗಿ ಏನರೆ ಉಂಡಾಳ?"

ಕಾಕಾ ಹೋದದ್ದು ಕಳೆದ ಚಳಿಗಾಲದಲ್ಲಿ. ಊಟ ಮಾಡಿ ಅಂಗಡಿಯ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಮಣ್ಣು ಕೊಡಲು ಹೋದಾಗ ಮಗಳೂ ಬಂದಿದ್ದಳು. ಅವಳ ಕೈಯನ್ನು ನಾನು ಬಿಡಲಿಲ್ಲ. ಇಷ್ಟು ದೊಡ್ಡವಳಾದ ಮೇಲೆ ಜನರೆದುರು ಕೈ ಹಿಡಿದು ನಡೆದದ್ದು ಅದೇ ಮೊದಲು.

ಅವಳು ಈಗಲೂ ಆ ಮಷೀನಿನ ಮುಂದೆ ಕೂರುತ್ತಾಳೆ. ಗಾಳಿ ಎದ್ದಿತೆಂದರೆ ನಾನು ಅರ್ಧ ಬೆಸೆದ ಗೇಟನ್ನು ಹಾಗೇ ಬಿಟ್ಟು ಮನೆಗೆ ಬರುತ್ತೇನೆ.

"ಯಾಕ ಬಂದೀ ಅಪ್ಪಾ?"

"ನೀರ ಕುಡ್ಯಾಕ ಬಂದೇನಿ."

ಅವಳು ನಂಬುವುದಿಲ್ಲ. ಆದರೂ ಆಟ ನಿಲ್ಲಿಸಿ, ಎದ್ದು ಹೋಗಿ ನನಗೊಂದು ತಂಬಿಗೆ ನೀರು ತಂದುಕೊಡುತ್ತಾಳೆ.